ಉಪಾಧ್ಯಕ್ಷರನ್ನು ನೋಡಿ ಬಂದದ್ದು

ಉಪಾಧ್ಯಕ್ಷರನ್ನು ನೋಡಲು ನಾವು ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೋದದ್ದು ಚಳಿಗಾಲದ ಒಂದು ಶನಿವಾರ. ಮಗನಿಗೆ ಹೆಣ್ಣು ನೋಡಲು ಹೋಗುವವರಂತೆಯೇ ಹೋದೆವು. ಮೊದಲೇ ಫೋನ್ ಮಾಡಿ, ಕೈಯಲ್ಲಿ ಮೈಸೂರುಪಾಕಿನ ಡಬ್ಬ ಹಿಡಿದು, ಬಾಗಿಲಲ್ಲಿ ನಿಂತು "ಹೀಗೇ ಈ ಕಡೆ ಬಂದಿದ್ವಿ" ಎಂದು ಹಲ್ಲು ಕಿರಿದೆವು. ನೋಡಬೇಕಾದವರು ಮೂವರಿದ್ದರು. ನಾವು ಯಾಕೆ ಬಂದಿದ್ದೇವೆಂದು ಮೂವರಿಗೂ ಗೊತ್ತಿತ್ತು. ಮೂವರೂ ಗೊತ್ತಿಲ್ಲದವರಂತೆ ಕಾಫಿ ಕೊಟ್ಟರು.

ಎರಡೂ ಊರಿನ ಕನ್ನಡಿಗರು ಸೇರಿ ಕಟ್ಟಿಕೊಂಡ ಒಕ್ಕೂಟ ಅದು. ವರ್ಷಕ್ಕೊಂದು ರಾಜ್ಯೋತ್ಸವ, ಒಂದು ಕ್ರಿಕೆಟ್ ಪಂದ್ಯಾವಳಿ, ಊರಿನಿಂದ ಒಬ್ಬ ಹಾಡುಗಾರರನ್ನು ಕರೆಸಿ ಶಾಲು ಹೊದಿಸುವುದು, ಇಷ್ಟೇ ಅದರ ಕೆಲಸ. ಅಧ್ಯಕ್ಷರು ಒಂದು ಊರಿನವರಾದರೆ ಉಪಾಧ್ಯಕ್ಷರು ಇನ್ನೊಂದು ಊರಿನವರಾಗಬೇಕು, ಇಬ್ಬರೂ ಜೋಡಿಯಾಗಿಯೇ ಚುನಾವಣೆಗೆ ನಿಲ್ಲಬೇಕು, ಒಬ್ಬರಿಗೆ ಬಿದ್ದ ವೋಟು ಇಬ್ಬರಿಗೂ ಸೇರುತ್ತದೆ ಎಂಬುದು ನಿಯಮ. ನನ್ನ ಗಂಡ ಆ ವರ್ಷ ಅಧ್ಯಕ್ಷರಾಗಲೇಬೇಕೆಂದು ಹಟ ತೊಟ್ಟಿದ್ದರು. ಆಫೀಸಿನಲ್ಲಿ ಅವರ ಮಾತು ಕೇಳುವವರು ಯಾರೂ ಉಳಿದಿರಲಿಲ್ಲ. ಅವರ ಕೈಕೆಳಗೆ ಕೆಲಸ ಕಲಿತ ಹುಡುಗಿಯೇ ಅವರಿಗೆ ಮ್ಯಾನೇಜರಾಗಿ ಬಂದು ಕೂತಿದ್ದಳು. ಮನೆಯಲ್ಲಿ ನಾನೂ ನನ್ನ ಮಗಳೂ ಕೇಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಒಂದು ಮೈಕು, ಒಂದು ಸಭೆ, ಎದ್ದು ನಿಂತು ನಮಸ್ಕರಿಸುವ ಜನ ಅವರಿಗೆ ಬೇಕಾಗಿತ್ತು.

ಸಿಡ್ನಿಯಲ್ಲಿ ನಾವಿದ್ದ ದಿ ಪಾಂಡ್ಸ್ ಬಡಾವಣೆಯ ನಮ್ಮ ಬೀದಿಯಲ್ಲೇ ಬೇಕಾದಷ್ಟು ವೋಟುಗಳಿದ್ದವು. ಕೊರತೆ ಇದ್ದದ್ದು ಮೆಲ್ಬರ್ನಿನದು.

"ನೀನೂ ಬಾ. ನಾನೊಬ್ನೇ ಹೋದ್ರೆ ಇಂಟರ್‌ವ್ಯೂ ಅನ್ಸತ್ತೆ. ನೀನು ಬಂದ್ರೆ ಫ್ಯಾಮಿಲಿ ವಿಸಿಟ್ಟು. ನಾನು ಮನುಷ್ಯನ್ನ ನೋಡ್ತೀನಿ, ನೀನು ಮನೆ ನೋಡು" ಎಂದರು.

ನನಗೂ ಇಂಥದ್ದರಲ್ಲಿ ಆಸಕ್ತಿ ಇಲ್ಲದಿಲ್ಲ. ಇನ್ನೊಬ್ಬರ ಮನೆಯ ಪರದೆ, ಪಾತ್ರೆ, ಗಂಡ ಹೆಂಡತಿ ಒಬ್ಬರನ್ನೊಬ್ಬರು ಕರೆಯುವ ರೀತಿ ನೋಡಿದರೆ ನನಗೆ ಒಂದಷ್ಟು ತಿಳಿಯುತ್ತದೆ. ತಿಳಿದದ್ದನ್ನು ಬಾಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಆಗ ನನಗಿರಲಿಲ್ಲ. ಏರ್‌ಪೋರ್ಟಿನಲ್ಲಿ ಬಾಡಿಗೆ ಕಾರು ತೆಗೆದುಕೊಂಡು ಹೊರಟೆವು.

ಮೊದಲನೆಯವರು ಉಡುಪಿ ಕಡೆಯ ಡೆಂಟಿಸ್ಟ್. ಮೆಲ್ಬರ್ನಿನ ಪೂರ್ವಕ್ಕೆ ದೊಡ್ಡ ಮನೆ, ಹೊಳೆಯುವ ನೆಲ, ಹಿಂದೆ ಈಜುಕೊಳ. ಅವರು ನಮ್ಮನ್ನು ಕೂರಿಸಿ, ತಾವು ನಿಂತೇ ಮಾತಾಡಿದರು.

"ನನಗೆ ಟೈಮ್ ಉಂಟಾ ಅಂತ ನೋಡ್ಬೇಕು ಮಾರಾಯ್ರೆ. ಕ್ಲಿನಿಕ್ಕೇ ಸಾಕಾಗಿ ಹೋಗಿದೆ. ಅದೂ ಅಲ್ಲದೆ, ಈ ವೈಸ್ ಪ್ರೆಸಿಡೆಂಟ್ ಅಂದ್ರೆ ಎಂತ ಕೆಲಸ? ಹೂಗುಚ್ಛ ಕೊಡುವುದಾ?"

ನನ್ನ ಗಂಡ ನಕ್ಕರು. ಡೆಂಟಿಸ್ಟ್ ನಗಲಿಲ್ಲ. ಅವರ ಹೆಂಡತಿ ಅಡುಗೆಮನೆಯಿಂದ ತುಳುವಿನಲ್ಲಿ ಏನೋ ಕೇಳಿದರು, ಅವರು ತುಳುವಿನಲ್ಲೇ ಉತ್ತರಿಸಿದರು, ಇಬ್ಬರೂ ನಮ್ಮ ಕಡೆ ನೋಡಿ ಮುಗುಳ್ನಕ್ಕರು. ಬೇಕರಿಯಿಂದ ತಂದ ಕೇಕು ಬಂತು. ಅದನ್ನು ತಟ್ಟೆಗೆ ಬಡಿಸುವ ಕಷ್ಟವನ್ನೂ ತೆಗೆದುಕೊಂಡಿರಲಿಲ್ಲ, ಡಬ್ಬದಲ್ಲೇ ಇಟ್ಟಿದ್ದರು.

ಕಾರಿನಲ್ಲಿ ಕೂತ ತಕ್ಷಣ ನನ್ನ ಗಂಡ ಶುರು ಮಾಡಿದರು. "ಪ್ಲಸ್ಸು ಏನಪ್ಪಾ ಅಂದ್ರೆ ಕೋಸ್ಟಲ್ ವೋಟು ಪೂರ್ತಿ ಬರತ್ತೆ. ಪರ್ಸನಾಲಿಟಿ ಇದೆ, ಇಂಗ್ಲಿಷ್ ಚೆನ್ನಾಗಿದೆ. ಮೈನಸ್ಸು ಅಂದ್ರೆ..."

"ನಿಮಗಿಂತ ಎತ್ತರ ಇದಾರೆ" ಎಂದೆ ನಾನು.

"ಎಕ್ಸಾಕ್ಟ್ಲಿ" ಎಂದರು ಅವರು. ನಾನು ಚುಚ್ಚಿದ್ದೆಂದು ಅವರಿಗೆ ತಿಳಿಯಲೂ ಇಲ್ಲ. "ಪಕ್ಕ ನಿಂತ್ರೆ ಅವನೇ ಪ್ರೆಸಿಡೆಂಟ್ ಥರ ಕಾಣ್ತಾನೆ. ಮುಂದಿನ ಸಲ ನನ್ನನ್ನೇ ಎತ್ತಿ ಪಕ್ಕಕ್ಕಿಡ್ತಾನೆ."

ಎರಡನೆಯವರು ಒಬ್ಬ ಹೆಂಗಸು. ಗಂಡನಿಂದ ಬೇರೆಯಾಗಿ ಮಗಳ ಜೊತೆ ಟೌನ್‌ಹೌಸೊಂದರಲ್ಲಿ ಇದ್ದರು. ವಾರಕ್ಕೊಮ್ಮೆ ಮಕ್ಕಳಿಗೆ ಕನ್ನಡ ಕಲಿಸುವ ತರಗತಿಯನ್ನು ತಾವೇ ಕಟ್ಟಿ ನಡೆಸುತ್ತಿದ್ದರು. ಅವರ ಮನೆಯ ಗೋಡೆಗೆಲ್ಲ ಮಕ್ಕಳು ಬಿಡಿಸಿದ ಅ, ಆ, ಇ, ಈ ಅಂಟಿಸಿತ್ತು. ಚಿತ್ರಾನ್ನ ಮಾಡಿದ್ದರು, ಚೆನ್ನಾಗಿತ್ತು. ಊಟ ಮುಗಿಯುತ್ತಿದ್ದಂತೆ ನೇರವಾಗಿ ಕೇಳಿದರು.

"ಸರ್, ನೀವು ಅಧ್ಯಕ್ಷರಾದ್ರೆ ಏನೇನು ಮಾಡ್ಬೇಕು ಅಂತಿದೀರ?"

ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ನನ್ನ ಗಂಡ ಕೆಮ್ಮಿ, ನೀರು ಕುಡಿದು, ಎಲ್ಲರನ್ನೂ ಒಟ್ಟಿಗೆ ಕರೆದುಕೊಂಡು ಹೋಗಬೇಕು, ಹೊಸ ಪೀಳಿಗೆಗೆ ಪ್ರೋತ್ಸಾಹ ಕೊಡಬೇಕು ಎಂದೆಲ್ಲ ಹೇಳಿದರು. ಆಕೆ ಕೊನೆಯವರೆಗೂ ಕೇಳಿ, "ಸರಿ" ಎಂದಷ್ಟೇ ಅಂದು ತಟ್ಟೆ ತೆಗೆದರು.

"ಕೆಲಸ ಮಾಡ್ತಾರೆ, ಜನ ಇಷ್ಟಪಡ್ತಾರೆ, ಅದು ಪ್ಲಸ್ಸು" ಎಂದರು ಕಾರಿನಲ್ಲಿ. "ಮೈನಸ್ಸೂ ಅದೇ. ಜೊತೆಗೆ ಡಿವೋರ್ಸಿ. ನಾನು ಪದೇ ಪದೇ ಮೆಲ್ಬರ್ನ್‌ಗೆ ಬಂದು ಹೋಗಿ ಮಾಡಿದ್ರೆ ಜನ ಏನಂತಾರೆ?"

"ಏನೂ ಅನ್ನಲ್ಲ. ಆಕೆ ಟೇಸ್ಟ್ ಬಗ್ಗೆ ಅಷ್ಟು ಕೆಟ್ಟ ಅಭಿಪ್ರಾಯ ಯಾರಿಗೂ ಇರಲ್ಲ" ಎಂದೆ. ಅವರಿಗೆ ಸಿಟ್ಟು ಬಂತು. ರೇಡಿಯೋ ದನಿ ಏರಿಸಿ, ಮೂರನೆಯವರಿದ್ದ ವೆರಿಬೀ ಬಡಾವಣೆಯ ಕಡೆ ಕಾರು ಓಡಿಸಿದರು.

ವೆರಿಬೀಯಲ್ಲಿ ಆತ ಮನೆಯ ಮುಂದಿನ ಫುಟ್‌ಪಾತಿನಲ್ಲೇ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಮೂಗು ಚಳಿಗೆ ಕೆಂಪಾಗಿತ್ತು. ತಿಪಟೂರು ಕಡೆಯವನು. ಕುಕರಿ ಕೋರ್ಸಿಗೆಂದು ಸ್ಟೂಡೆಂಟಾಗಿ ಬಂದು, ಟ್ಯಾಕ್ಸಿ ಓಡಿಸಿ, ಇಲ್ಲೇ ಕಾಯಮ್ಮಾಗಿ ನೆಲೆಸಲು ಪಿಆರ್ ಸಿಕ್ಕ ಮೇಲೆ ವೇರ್‌ಹೌಸೊಂದರಲ್ಲಿ ಸೇರಿಕೊಂಡವನು. ನಮ್ಮನ್ನು ನೋಡಿ ಎರಡೂ ಕೈ ಮುಗಿದು ಬಾಯಿ ತೆರೆದ. ಮಾತು ಬರಲಿಲ್ಲ.

"ಬ... ಬ... ಬ..."

ನಾವು ಕಾದೆವು. ಕತ್ತಿನ ನರ ಉಬ್ಬಿತು. ಕೊನೆಗೆ "ಬನ್ನಿ ಸಾರ್" ಎಂದು ಬಂತು. ನನ್ನ ಗಂಡ ನನ್ನ ಕಡೆ ಓರೆನೋಟ ಬೀರಿದರು.

ಆತ ಉಗ್ಗುತ್ತಾನೆಂದು ನಮಗೆ ಗೊತ್ತಿರಲಿಲ್ಲ. ಹಿಂದಿನ ವರ್ಷ ಮೆಲ್ಬರ್ನಿನವರು ಆಡಿದ ಒಂದು ಪೌರಾಣಿಕ ನಾಟಕದಲ್ಲಿ ಆತನನ್ನು ರಾಜನ ಪಾತ್ರದಲ್ಲಿ ನೋಡಿದ್ದೆವು. ಉದ್ದುದ್ದ ಸಂಭಾಷಣೆಗಳನ್ನು ಒಂದೇ ಉಸಿರಿಗೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದ. ಬಾಯಿಪಾಠ ಮಾಡಿದ್ದಾದರೆ ಆತನಿಗೆ ತೊಡಕಿಲ್ಲ, ತನ್ನ ಸ್ವಂತ ಮಾತಾದರೆ ಮಾತ್ರ ನಾಲಿಗೆ ಕಚ್ಚಿಕೊಳ್ಳುತ್ತದೆ ಎಂದು ಹೆಂಡತಿ ಹೇಳಿದಳು. ಹೇಳುವಾಗ ಗಂಡನ ಬೆನ್ನ ಮೇಲೆ ಕೈ ಇಟ್ಟಿದ್ದಳು. ವಯಸ್ಸಾದವರನ್ನು ನೋಡಿಕೊಳ್ಳುವ ಏಜ್ಡ್ ಕೇರಿನಲ್ಲಿ ಕೆಲಸ ಮಾಡುವವಳು, ದುಂಡು ಮುಖದ ಚುರುಕು ಹೆಣ್ಣು, ನನಗಿಂತ ಚಿಕ್ಕವಳು. ಬಂದ ಕ್ಷಣದಿಂದ ನನ್ನನ್ನು ಅಕ್ಕ ಎಂದು ಕರೆದಳು.

ಹೊಟ್ಟೆ ತುಂಬಿದ್ದರೂ ತಟ್ಟೆ ಇಡ್ಲಿ ಬೇಯಿಸಿಕೊಡುತ್ತೇನೆಂದು ಹಟ ಮಾಡಿದಳು. ನಾನು ಅಡುಗೆಮನೆಗೆ ಹೋದೆ. ಆಚೆ ನನ್ನ ಗಂಡ ಮಾತಾಡುತ್ತಿದ್ದರು, ಆತ "ಹೂಂ ಸಾರ್, ಹೂಂ ಸಾರ್" ಎನ್ನುತ್ತಿದ್ದ. ಹೂಂ ಎನ್ನಲು ತೊಂದರೆ ಇರಲಿಲ್ಲ.

ಇಡ್ಲಿ ಪಾತ್ರೆಯ ಮುಚ್ಚಳ ಮುಚ್ಚಿ ಆಕೆ ದನಿ ತಗ್ಗಿಸಿದಳು.

"ಅಕ್ಕ, ಒಂದ್ ಮಾತು. ಇವ್ರನ್ನ ಆರಿಸ್ಬೇಡಿ. ಅಣ್ಣಂಗೆ ಹೇಳಿ."

"ಯಾಕಮ್ಮ? ಅವರಿಗೆ ಇಷ್ಟ ಇದ್ದ ಹಾಗಿದೆ."

"ಇಷ್ಟ ಇರೋದೇ ಕಷ್ಟ ಅಕ್ಕ. ವೇರ್‌ಹೌಸಲ್ಲಿ ಟೀಮ್ ಲೀಡರ್ ಮಾಡ್ತೀವಿ ಅಂದಿದ್ರು. ಊರಿಗೆಲ್ಲ ಫೋನ್ ಮಾಡಿ ಹೇಳ್ಕೊಂಡ್ರು. ಆಮೇಲೆ ಮಾತು ಸರಿ ಇಲ್ಲ ಅಂತ ಬೇರೆಯವ್ರಿಗೆ ಕೊಟ್ರು. ಇವ್ರು ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿಬಿಟ್ರು. ಏಳ್ಸೋಕೆ ನಂಗೆ ಸಾಕ್ಸಾಕಾಯ್ತು. ನಾಟಕದಿಂದ ಈಗ ಒಂಚೂರು ಮನುಷ್ಯ ಆಗಿದಾರೆ. ಇನ್ನೊಂದ್ಸಲ ಆಸೆ ತೋರ್ಸಿ ತೆಗೆದ್ರೆ ತಡ್ಕೊಳಲ್ಲ."

ಇಡ್ಲಿ ಹೂವಿನಂತಿತ್ತು. ಆತ ಬಾಗಿಲವರೆಗೆ, ಬಾಗಿಲಿನಿಂದ ಕಾರಿನವರೆಗೆ, ಕಾರು ತಿರುವು ದಾಟುವವರೆಗೆ ನಿಂತು ಕೈ ಬೀಸಿದ.

ಆಕೆ ಹೇಳಿದ್ದನ್ನು ನಾನು ಕಾರಿನಲ್ಲೇ ನನ್ನ ಗಂಡನಿಗೆ ಹೇಳಿದೆ, ಈ ಒಬ್ಬನನ್ನು ಬಿಟ್ಟುಬಿಡಿ ಎಂದೆ. ಅವರು ಸ್ಟೀರಿಂಗ್ ಮೇಲೆ ಬೆರಳಿನಿಂದ ತಾಳ ಹಾಕುತ್ತ ಯೋಚಿಸಿದರು.

"ಇದು ಮೈನಸ್ ಅಲ್ಲ ಕಣೆ, ಪ್ಲಸ್ಸು. ಅಷ್ಟು ಆಸೆ ಇರೋನು ನಡುವೆ ಕೈ ಕೊಟ್ಟು ಹೋಗಲ್ಲ. ಹೇಳಿದ್ದೆಲ್ಲ ಮಾಡ್ತಾನೆ. ವೆರಿಬೀ ಹುಡುಗರೆಲ್ಲ ಅವನ ಜೊತೆ ಇದಾರೆ. ಮತ್ತೆ ಉಗ್ಗು..." ಅವರಿಗೆ ನಗು ಬಂತು. "ಉಗ್ಗೋ ವೈಸ್ ಪ್ರೆಸಿಡೆಂಟ್‌ಗಿಂತ ಒಳ್ಳೆ ವೈಸ್ ಪ್ರೆಸಿಡೆಂಟ್ ಯಾರು ಸಿಗ್ತಾರೆ ಹೇಳು? ಮೈಕ್ ಕೇಳೋದೇ ಇಲ್ಲ."

ವಿಮಾನ ಏರುವ ಮೊದಲೇ ಆತನಿಗೆ ಫೋನ್ ಮಾಡಿ ಹೇಳಿಬಿಟ್ಟರು. ಆ ಕಡೆಯಿಂದ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ನನ್ನ ಗಂಡ ಫೋನನ್ನು ಕಿವಿಯಿಂದ ದೂರ ಹಿಡಿದು, ನನಗೆ ತೋರಿಸುತ್ತ, ಕಣ್ಣು ಮಿಟುಕಿಸಿದರು.

ಅಂದಿನಿಂದ ಚುನಾವಣೆಗಾಗಿ ಆತ ದುಡಿದ. ಮೆಲ್ಬರ್ನಿನ ಪಶ್ಚಿಮದ ಸಬರ್ಬುಗಳಲ್ಲಿ ಮನೆಮನೆಗೆ ಹೋದ. ಫೋನಿನಲ್ಲಿ ಮಾತಾಡುವುದು ಕಷ್ಟವೆಂದು ಮುಖತಃ ಹೋಗಿ, ಪ್ರತಿ ಮನೆಯಲ್ಲೂ ಒಂದೇ ಬಾಯಿಪಾಠದ ಮಾತು ಒಪ್ಪಿಸಿದನಂತೆ. ಜನರಿಗೆ ಇಷ್ಟವಾಯಿತು. ಆತನ ಹೆಂಡತಿ ನನಗೆ ಫೋನ್ ಮಾಡುವಾಗ ದನಿಯಲ್ಲಿ ಮೊದಲಿನ ಹೆದರಿಕೆ ಇರಲಿಲ್ಲ. "ನಾನೇ ತಪ್ಪು ತಿಳ್ಕೊಂಡಿದ್ದೆ ಅಕ್ಕ. ಬೆಳಿಗ್ಗೆ ಎದ್ದು ಶೇವ್ ಮಾಡ್ಕೊಂಡು ಹಾಡ್ಕೊಂಡು ಹೋಗ್ತಾರೆ. ಅಣ್ಣಂಗೆ ಥ್ಯಾಂಕ್ಸ್ ಹೇಳಿ" ಎನ್ನುತ್ತಿದ್ದಳು.

ಈ ನಡುವೆ ಡೆಂಟಿಸ್ಟಿಗೆ ಟೈಮ್ ಸಿಕ್ಕಿತು. ಅವರು ಸಿಡ್ನಿಯ ಎಪ್ಪಿಂಗಿನ ಒಬ್ಬರನ್ನು ಜೋಡಿಗೆ ಇಟ್ಟುಕೊಂಡು ತಾವೇ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವುದಾಗಿ ಹೇಳಿದರು. ನನ್ನ ಗಂಡನಿಗೆ ನಿದ್ದೆ ಹೋಯಿತು. ಯಾರು ಯಾರ ಕಡೆ ಎಂದು ದಿನವೂ ಲೆಕ್ಕ ಹಾಕಿದರು. ಗೆಲ್ಲುವುದು ಕಷ್ಟವೆಂದು ತಿಳಿದಾಗ ಡೆಂಟಿಸ್ಟಿಗೆ ಫೋನ್ ಮಾಡಿದರು. ಮಾತು ಬೇಗನೆ ಮುಗಿಯಿತು. ಈ ಸಲ ನನ್ನ ಗಂಡ ಅಧ್ಯಕ್ಷ, ಡೆಂಟಿಸ್ಟ್ ಉಪಾಧ್ಯಕ್ಷ. ಮುಂದಿನ ಸಲ ಅಧ್ಯಕ್ಷಗಿರಿ ಡೆಂಟಿಸ್ಟಿಗೆ. ಚುನಾವಣೆಯೇ ಇಲ್ಲ, ಅವಿರೋಧ ಆಯ್ಕೆ.

"ವೆರಿಬೀಯವರಿಗೆ ಹೇಳಿದ್ರಾ?" ಎಂದು ಕೇಳಿದೆ.

"ಈಗಲೇ ಹೇಳಿದ್ರೆ ಅವನ ಕಡೆ ಹುಡುಗರು ಮೀಟಿಂಗಿಗೆ ಬರಲ್ಲ. ಮೆಲ್ಬರ್ನಿಂದ ಇಷ್ಟು ಜನ ಬರ್ಲೇಬೇಕು ಅಂತ ರೂಲ್ ಇದೆ. ಕೋರಂ ಇಲ್ದಿದ್ರೆ ಮೀಟಿಂಗೇ ನಡೆಯಲ್ಲ. ಅವರು ಬಂದು ಕೂತ್ಕೊಳ್ಲಿ, ಆಮೇಲೆ ನಾನೇ ನಿಧಾನವಾಗಿ ಹೇಳ್ತೀನಿ."

"ಅವರ ಹೆಂಡ್ತಿ ಏನ್ ಹೇಳಿದ್ಲು ಅಂತ ನಿಮಗೆ ನೆನಪಿದೆ ತಾನೆ?"

"ಇದು ರಾಜಕೀಯ ಕಣೆ" ಎಂದರು. ದೀಪಾವಳಿಗೆ ಯಾವ ಕೇಟರರ್ ಎಂದು ತೀರ್ಮಾನಿಸುವುದಕ್ಕೂ ಅವರು ಇದೇ ಮಾತನ್ನು ಬಳಸುತ್ತಿದ್ದರು.

ಸಭೆ ಸಿಡ್ನಿಯಲ್ಲಿ, ಒಂದು ಭಾನುವಾರ. ವೆರಿಬೀಯ ಗಂಡ ಹೆಂಡತಿ ರಾತ್ರಿಯೆಲ್ಲ ಕಾರು ಓಡಿಸಿಕೊಂಡು ಬಂದು ಬೆಳಿಗ್ಗೆ ನಮ್ಮ ಮನೆಯಲ್ಲಿ ಇಳಿದರು. ಹಿಂದೆಯೇ ಇನ್ನಷ್ಟು ಕಾರುಗಳಲ್ಲಿ ಆತನ ಹುಡುಗರು ಬರುತ್ತಿದ್ದರು. ಆತ ಹೊಸ ರೇಷ್ಮೆ ಜುಬ್ಬ ತಂದಿದ್ದ, ಸುಕ್ಕಾಗಬಾರದೆಂದು ಕಾರಿನ ಹಿಂದಿನ ಕೊಕ್ಕೆಗೆ ನೇತುಹಾಕಿಕೊಂಡು. ಸ್ನಾನ ಮಾಡಿ ಅದನ್ನು ಹಾಕಿಕೊಂಡ. ಖಾರಾಬಾತು ತಿಂದು, ಅಪ್ಪಣೆ ಕೇಳುವವನಂತೆ ನನ್ನ ಗಂಡನ ಕಡೆ ನೋಡಿ, ಹಿತ್ತಲಿಗೆ ಹೋದ.

ಅಡುಗೆಮನೆಯ ಕಿಟಕಿಯಿಂದ ನನಗೆ ಆತ ಕಾಣುತ್ತಿದ್ದ. ತಗಡಿನ ಬೇಲಿಯ ಕಡೆ ಮುಖ ಮಾಡಿ, ಕೈ ಹಿಂದೆ ಕಟ್ಟಿಕೊಂಡು ಭಾಷಣ ಹೇಳುತ್ತಿದ್ದ.

"ಎಲ್ಲರಿಗೂ ನಮಸ್ಕಾರ. ಉಪಾಧ್ಯಕ್ಷನ ಸ್ಥಾನಕ್ಕೆ ನೀವು ನನ್ನನ್ನು ಆರಿಸಿದ್ದೀರಿ. ಮಾತು ಬಾರದವನನ್ನು ಮಾತಾಡುವ ಜಾಗಕ್ಕೆ ತಂದು ನಿಲ್ಲಿಸಿದ್ದೀರಿ. ಈ ಋಣವನ್ನು ನಾನು ಕೆಲಸದಲ್ಲಿ ತೀರಿಸುತ್ತೇನೆ..."

ಒಂದಕ್ಷರ ತಡವರಿಸಲಿಲ್ಲ. ಗಂಭೀರವಾದ, ಸ್ವಲ್ಪ ಒರಟಾದ, ಒಳ್ಳೆಯ ಕಂಠ. ನನ್ನ ಗಂಡ ನನ್ನ ಪಕ್ಕದಲ್ಲೇ ನಿಂತು ಕಾಫಿ ಕುಡಿಯುತ್ತ ಕೇಳುತ್ತಿದ್ದರು.

"ಈಗ್ಲಾದ್ರೂ ಹೇಳ್ರಿ" ಎಂದೆ.

"ಕೋರಂ ಆಗ್ಲಿ" ಎಂದು ಲೋಟ ಸಿಂಕಿನಲ್ಲಿಟ್ಟು, ಸಭೆಯ ಹಾಲ್ ಸಿದ್ಧ ಮಾಡಬೇಕೆಂದು ಹೊರಟುಹೋದರು.

ಆತನ ಹೆಂಡತಿ ಮೇಲಿನ ಕೋಣೆಯಲ್ಲಿ ಸೀರೆ ಉಟ್ಟು, ನೆರಿಗೆ ಸರಿಮಾಡಿಕೊಳ್ಳುತ್ತ ಕೆಳಗಿಳಿದು ಬಂದಳು. ಚೆನ್ನಾಗಿ ಕಾಣುತ್ತಿದ್ದಳು. ನನಗೆ ಇನ್ನು ತಡೆಯಲಾಗಲಿಲ್ಲ. ಸುತ್ತಿಬಳಸದೆ ಹೇಳಿಬಿಟ್ಟೆ: ನಿಮ್ಮವರ ಹೆಸರನ್ನು ತೆಗೆದಿದ್ದಾರೆ, ಡೆಂಟಿಸ್ಟ್ ಬಂದಿದ್ದಾರೆ, ಕೋರಂಗೋಸ್ಕರ ನಿಮಗೆ ಹೇಳಿಲ್ಲ.

ಆಕೆ ಹಿತ್ತಲ ಕಡೆ ನೋಡಿದಳು. ಹಿತ್ತಲಿನಿಂದ ಭಾಷಣ ಮತ್ತೆ ಮೊದಲಿನಿಂದ ಶುರುವಾಗಿತ್ತು.

"ಗ್ಯಾರಂಟಿನಾ ಅಕ್ಕ?"

"ಹೂಂ. ಹೋಗಿ ಹೇಳಿ. ಇಬ್ಬರೂ ವಾಪಸ್ ಹೋಗಿಬಿಡಿ. ಕೋರಂ ಹಾಳಾಗಿ ಹೋಗ್ಲಿ."

ಆಕೆ ಹಿತ್ತಲ ಬಾಗಿಲು ಸರಿಸಿ ಹೊರಗೆ ಹೋದಳು. ಹುಲ್ಲಿನ ಮೇಲೆ ಆತನ ಬೆನ್ನ ಹಿಂದೆ ನಿಂತಳು. ಆತನಿಗೆ ಗೊತ್ತಾಗಲಿಲ್ಲ, ಹೇಳುತ್ತಲೇ ಇದ್ದ. ಸ್ವಲ್ಪ ಹೊತ್ತು ನಿಂತಿದ್ದು ಆಕೆ ಹಾಗೆಯೇ ಒಳಗೆ ಬಂದಳು.

"ನನ್ ಕೈಲಿ ಆಗಲ್ಲ. ಇಷ್ಟು ವರ್ಷದಲ್ಲಿ ಇವ್ರು ಹೀಗೆ ಮಾತಾಡೋದು ನಾನು ನೋಡೇ ಇಲ್ಲ. ನಾಟಕದಲ್ಲಿ ಯಾರದೋ ಮಾತು. ಇದು ಇವ್ರದೇ. ಇವ್ರೇ ಬರ್ಕೊಂಡಿದ್ದು." ಆಮೇಲೆ ನನ್ನ ಕಡೆ ನೋಡದೆ ಹೇಳಿದಳು, "ಅಣ್ಣ ತಂದಿದ್ದು. ಅಣ್ಣನೇ ಹೇಳ್ಲಿ."

ಸಭೆಯ ಹಾಲ್‌ಗೆ ಹೋದವಳೇ ನಾನು ನನ್ನ ಗಂಡನನ್ನು ಪಕ್ಕಕ್ಕೆ ಕರೆದು, ಆಕೆಗೆ ಎಲ್ಲ ಹೇಳಿದ್ದೇನೆ, ಇನ್ನು ತಡ ಮಾಡಿದರೆ ಅಸಹ್ಯವಾಗುತ್ತದೆ ಎಂದೆ. ಅವರು ಬಯ್ಯುತ್ತಾರೆಂದುಕೊಂಡಿದ್ದೆ. ಬಯ್ಯಲಿಲ್ಲ. "ಹೌದಾ? ಒಳ್ಳೇದೇ ಆಯ್ತು ಬಿಡು" ಎಂದರು.

ವೆರಿಬೀಯ ಹುಡುಗರು ಬಂದು ಕೂತರು. ಕೋರಂ ಆಯಿತೆಂದು ಘೋಷಿಸಿದರು. ಚುನಾವಣೆ ನಡೆಸಲು ನೇಮಿಸಿದ್ದ ಹಿರಿಯರೊಬ್ಬರು ಹೆಸರುಗಳನ್ನು ಓದಲು ಕನ್ನಡಕ ಹುಡುಕುತ್ತಿದ್ದಾಗ, ವೇದಿಕೆಯ ಮೆಟ್ಟಿಲ ಬಳಿ ನನ್ನ ಗಂಡ ಆತನ ಭುಜಕ್ಕೆ ಕೈ ಹಾಕಿ ಕಿವಿಯಲ್ಲಿ ಏನೋ ಹೇಳಿದರು. ನಿಧಾನವಾಗಿ ಹೇಳುತ್ತೇನೆಂದಿದ್ದರಲ್ಲ, ಆ ನಿಧಾನ ಅಷ್ಟೇ ಹೊತ್ತಿನದು. ಆತ ತಲೆಯಾಡಿಸಿದ. ಮತ್ತೆ ತಲೆಯಾಡಿಸಿದ. ಅರ್ಥವಾಗಿ ಆಡಿಸಿದನೋ, ಅಭ್ಯಾಸಕ್ಕೆ ಆಡಿಸಿದನೋ ಗೊತ್ತಾಗಲಿಲ್ಲ.

ಹೆಸರುಗಳನ್ನು ಓದಿದರು. ಡೆಂಟಿಸ್ಟ್ ಎದ್ದು ನಿಂತು ಕೈ ಮುಗಿದರು. ವೆರಿಬೀಯ ಹುಡುಗರಲ್ಲಿ ಗುಸುಗುಸು ಎದ್ದಿತು. ಒಬ್ಬ ಎದ್ದು ನಿಂತೂಬಿಟ್ಟ. ಅದನ್ನು ನೋಡಿ ನನ್ನ ಗಂಡ ಮೈಕು ತೆಗೆದುಕೊಂಡರು.

"ನಮ್ಮ ವೆರಿಬೀಯ ಮಿತ್ರರು ಒಕ್ಕೂಟದ ಒಗ್ಗಟ್ಟಿಗಾಗಿ ದೊಡ್ಡ ಮನಸ್ಸು ಮಾಡಿ ಹಿಂದೆ ಸರಿದಿದ್ದಾರೆ. ಅವರೇ ಬಂದು ಎರಡು ಮಾತಾಡಬೇಕು ಅಂತ ಕೇಳ್ಕೋತೀನಿ."

ಕರೆಯದಿದ್ದರೂ ಆಗುತ್ತಿತ್ತು. ಆದರೆ ಹುಡುಗರ ಬಾಯಿ ಮುಚ್ಚಿಸಬೇಕಾದರೆ ಆತನ ಬಾಯಿಂದಲೇ ಬರಬೇಕಿತ್ತು. ಆತ ಜುಬ್ಬದ ಅಂಚು ಎಳೆದುಕೊಳ್ಳುತ್ತ ಮೈಕಿನ ಮುಂದೆ ಬಂದು ನಿಂತ.

"ನ... ನ... ನಾ..."

ಸಭೆ ಕಾದಿತು. ಮೈಕಿನಲ್ಲಿ ಆತನ ಉಸಿರು ದೊಡ್ಡದಾಗಿ ಕೇಳಿಸುತ್ತಿತ್ತು. ಮುಂದಿನ ಸಾಲಿನಲ್ಲಿ ಒಂದು ಮಗು "ವೈ ಈಸ್ ಹೀ ಡೂಯಿಂಗ್ ದಟ್?" ಎಂದು ಅಮ್ಮನನ್ನು ಕೇಳಿತು. ಅಮ್ಮ ಅದರ ಬಾಯಿ ಮುಚ್ಚಿ ತಾನೇ ನಕ್ಕಳು. ಆತ ಮತ್ತೆ ಪ್ರಯತ್ನಿಸಿದ. ಕತ್ತು ಕೆಂಪಾಯಿತು, ಕಣ್ಣು ಮೇಲಕ್ಕೆ ಹೋಯಿತು. ಆಮೇಲೆ ಕೈಗಳನ್ನು ಹಿಂದೆ ಕಟ್ಟಿಕೊಂಡ. ಆಗಲೇ ನನಗೆ ಗೊತ್ತಾಯಿತು.

"ಎಲ್ಲರಿಗೂ ನಮಸ್ಕಾರ. ಉಪಾಧ್ಯಕ್ಷನ ಸ್ಥಾನಕ್ಕೆ ನೀವು ನನ್ನನ್ನು ಆರಿಸಿದ್ದೀರಿ."

ಒಂದು ಕ್ಷಣ ಯಾರಿಗೂ ಏನೂ ಅರ್ಥವಾಗಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬರು ನಕ್ಕರು. ಪಕ್ಕದವರು ನಕ್ಕರು. ಬೇಕೆಂದೇ ತಮಾಷೆ ಮಾಡುತ್ತಿದ್ದಾನೆಂದು ತಿಳಿದು ಕೆಲವರು ಚಪ್ಪಾಳೆ ತಟ್ಟಿದರು. "ಮಾತು ಬಾರದವನನ್ನು ಮಾತಾಡುವ ಜಾಗಕ್ಕೆ ತಂದು ನಿಲ್ಲಿಸಿದ್ದೀರಿ" ಎಂಬಲ್ಲಿಗೆ ಇಡೀ ಹಾಲ್ ನಗುತ್ತಿತ್ತು. ಆತ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಬೇರೆ ಮಾತು ಆತನಲ್ಲಿರಲಿಲ್ಲ. ಋಣದ ಮಾತು, ಕೆಲಸದ ಮಾತು, ಹೆಂಡತಿಗೆ ಕೃತಜ್ಞತೆ, ಎಲ್ಲವನ್ನೂ ಒಂದಕ್ಷರ ತಪ್ಪದೆ, ನಗುವಿನ ಮೇಲೆ ಕೇಳಿಸಲೆಂದು ದನಿ ಏರಿಸಿಕೊಂಡು ಹೇಳಿ ಮುಗಿಸಿದ.

ನನ್ನ ಗಂಡ ಆತನ ಹೆಗಲಿಗೆ ಕೈ ಹಾಕಿ ಮೈಕಿಗೆ ಬಾಗಿದರು. "ನೋಡಿ, ಮುಂದಿನ ಸಲಕ್ಕೆ ಈಗ್ಲೇ ರಿಹರ್ಸಲ್ ಮಾಡ್ಕೊಂಡು ಬಂದಿದಾರೆ!"

ಅಷ್ಟು ದೊಡ್ಡ ನಗುವನ್ನು ನನ್ನ ಗಂಡ ಜೀವಮಾನದಲ್ಲಿ ಗಳಿಸಿರಲಿಲ್ಲ. ಡೆಂಟಿಸ್ಟ್ ಕೂಡ ನಕ್ಕರು.

ನಾನು ಎದ್ದು ಹೋಗಿ ಆತನ ಹೆಂಡತಿಯ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತೆ. ಆಕೆ ವೇದಿಕೆಯಿಂದ ಕಣ್ಣು ತೆಗೆಯದೆ, "ಆ ಕಡೆ ಹೋಗಿ ಅಕ್ಕ, ಇದು ಅವ್ರ ಸೀಟು" ಎಂದಳು.

ಅದಕ್ಕಿಂತ ಕೆಟ್ಟದ್ದು ಕಾರ್ ಪಾರ್ಕಿಂಗಿನಲ್ಲಿ ಆಯಿತು. ಊಟ ಮಾಡದೆ ಹೊರಟಿದ್ದ ಅವರಿಬ್ಬರ ಹಿಂದೆ ನನ್ನ ಗಂಡ ಓಡಿದರು. ಕ್ಷಮೆ ಕೇಳುತ್ತಾರೇನೋ ಎಂದು ನಾನೂ ಹೋದೆ. ಆತನ ಹುಡುಗರು ದೂರದಲ್ಲಿ ಗುಂಪಾಗಿ ನಿಂತು ನೋಡುತ್ತಿದ್ದರು. ನನ್ನ ಗಂಡ ಅವರಿಗೂ ಕೇಳಿಸುವಂತೆ ಹೇಳಿದರು.

"ಬೇಜಾರು ಮಾಡ್ಕೋಬೇಡಿ. ನಿಮಗೆ ಗೊತ್ತಿದೆ ಅಂತಾನೇ ನಾನು ಕರ್ದಿದ್ದು. ನಿಮ್ಮ ಮನೆಯವರಿಗೆ ಬೆಳಿಗ್ಗೇನೇ ಎಲ್ಲಾ ಗೊತ್ತಿತ್ತಲ್ಲ. ಅವರು ಹೇಳಿರ್ತಾರೆ ಅಂದ್ಕೊಂಡೆ."

ಆತ ಹೆಂಡತಿಯ ಕಡೆ ತಿರುಗಿದ. ಏನೂ ಕೇಳಲಿಲ್ಲ, ಕೇಳಲು ಬಾಯಿಯನ್ನೂ ತೆರೆಯಲಿಲ್ಲ. ಆಕೆ ತಲೆ ತಗ್ಗಿಸಿದಳು. ಅಷ್ಟು ಸಾಕಾಯಿತು. ಆತ ಡ್ರೈವರ್ ಸೀಟಿನಲ್ಲಿ ಕೂತು, ಜುಬ್ಬ ಹಾಕಿಕೊಂಡೇ ಸೀಟ್ ಬೆಲ್ಟ್ ಎಳೆದುಕೊಂಡ. ಆಕೆ ಹಿಂದಿನ ಸೀಟಿನಲ್ಲಿ ಕೂತಳು.

ಮನೆಗೆ ಬರುವಾಗ ಮಗಳು ಕಿವಿಯಿಂದ ಇಯರ್‌ಫೋನ್ ತೆಗೆದು, "ದಟ್ ವಾಸ್ ರಿಯಲೀ ಮೀನ್, ಅಪ್ಪ" ಎಂದಳು.

"ಎಲ್ಲರೂ ಎಂಜಾಯ್ ಮಾಡಿದ್ರಲ್ಲ" ಎಂದರು ಅವರು. ನಿಜವಾಗಿಯೂ ಆಶ್ಚರ್ಯಪಟ್ಟಿದ್ದರು.

ನಾನು ಆಕೆಗೆ ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಆ ಭಾಷಣದ ವಿಡಿಯೋ ವಾಟ್ಸ್ಯಾಪ್ ಗುಂಪುಗಳಲ್ಲೆಲ್ಲ ಓಡಾಡಿತು. ವೇರ್‌ಹೌಸಿನವರೆಗೂ ಹೋಯಿತಂತೆ. ಕನ್ನಡ ಬಾರದವರೂ ನೋಡಿ ನಕ್ಕರಂತೆ. ನನ್ನ ಗಂಡ ಮತ್ತು ಡೆಂಟಿಸ್ಟ್ ಮೊದಲ ಸಭೆಯಿಂದಲೇ ಜಗಳಕ್ಕೆ ಬಿದ್ದರು. ಮೈಕು ಯಾರ ಕೈಯಲ್ಲಿರಬೇಕು ಎಂಬುದೇ ಪ್ರತಿ ಸಲದ ಜಗಳ.

ವರ್ಷ ಕಳೆಯುತ್ತ ಬಂದಾಗ ಒಕ್ಕೂಟದ ಕೆಲಸಕ್ಕೆಂದು ಮತ್ತೆ ಮೆಲ್ಬರ್ನ್‌ಗೆ ಹೋದೆವು. ಯಾರದೋ ಮನೆಗೆ ಹೋಗುವ ದಾರಿಯಲ್ಲಿ ವೆರಿಬೀಯ ಇಂಡಿಯನ್ ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿದರು. ಬಾಳೆಹಣ್ಣು, ಹೂವು ತೆಗೆದುಕೊಳ್ಳಲು ನಾನೊಬ್ಬಳೇ ಒಳಗೆ ಹೋದೆ. ತರಕಾರಿಯ ಬಳಿ ಆಕೆ ಕರಿಬೇವು ಆರಿಸುತ್ತಿದ್ದಳು, ಏಜ್ಡ್ ಕೇರಿನ ಯೂನಿಫಾರ್ಮಿನಲ್ಲಿ. ಸೊರಗಿದ್ದಳು. ನನ್ನನ್ನು ನೋಡಿ ತಪ್ಪಿಸಿಕೊಳ್ಳಲಿಲ್ಲ.

"ಹೇಗಿದಾರೆ?" ಎಂದು ಕೇಳಿದೆ.

"ಈಗ ಉಗ್ಗೋದೇ ಇಲ್ಲ ಅಕ್ಕ" ಎಂದಳು. ನನಗೆ ಅರ್ಥವಾಗುವವರೆಗೆ ಕಾದು, ಮುಂದುವರಿಸಿದಳು. "ಮಾತಾಡಿದ್ರೆ ತಾನೆ? ಕೆಲಸಕ್ಕೆ ಹೋಗ್ತಾರೆ, ಬರ್ತಾರೆ. ನಾನು ಏನಾದ್ರೂ ಕೇಳಿದ್ರೆ ತಲೆ ಆಡಿಸ್ತಾರೆ. ಅಷ್ಟು ಜನ ನಕ್ಕಿದ್ದು ಇವ್ರಿಗೆ ಮರ್ತೋಗ್ತಿತ್ತೇನೋ. ನಾನು ಗೊತ್ತಿದ್ದೂ ನೋಡ್ತಾ ಕೂತಿದ್ದೆ ಅನ್ನೋದು ಮರೆಯಲ್ಲ."

"ಒಳ್ಳೇದಾಗ್ಲಿ ಅಂತ ನಾನು..."

"ಗೊತ್ತು. ಆದ್ರೆ ನೀವು ಹೇಳ್ದೇ ಇದ್ದಿದ್ರೆ ಅವತ್ತು ನಾವಿಬ್ರೂ ಒಟ್ಟಿಗೆ ಮೋಸ ಹೋಗಿರ್ತಿದ್ವಿ. ಒಟ್ಟಿಗೆ ಅತ್ತಿರ್ತಿದ್ವಿ. ನಿಮ್ಮ ಮನಸ್ಸು ಹಗುರ ಮಾಡ್ಕೊಳೋಕೆ ನಂಗೆ ಹೇಳಿದ್ರಿ. ಆಮೇಲೆ ನಂಗೆ ಗೊತ್ತಿದೆ ಅನ್ನೋದನ್ನೂ ನಿಮ್ಮವ್ರ ಕೈಗೆ ಕೊಟ್ರಿ, ಎತ್ತಿ ಹೊಡೀಲಿ ಅಂತ."

ದನಿ ಏರಿಸಲಿಲ್ಲ. ಕರಿಬೇವನ್ನು ಕವರಿಗೆ ಹಾಕಿ ಗಂಟು ಕಟ್ಟಿದಳು. ಅಕ್ಕ ಎಂದು ಕರೆಯುವುದನ್ನು ಮಾತ್ರ ಅಂದೂ ಬಿಡಲಿಲ್ಲ. "ಬರ್ತೀನಿ ಅಕ್ಕ, ಶಿಫ್ಟಿಗೆ ಹೊತ್ತಾಯ್ತು" ಎಂದು ಹೋದಳು.

ಬಾಳೆಹಣ್ಣು ತೆಗೆದುಕೊಂಡು ಕಾರಿಗೆ ಬಂದೆ. ಆಕೆ ಅಂಗಡಿಯಿಂದ ಹೊರಬಂದದ್ದನ್ನು ನನ್ನ ಗಂಡ ನೋಡಿದ್ದರು.

"ಅವನ ಹೆಂಡ್ತಿ ಅಲ್ವಾ? ಏನಂದ್ಲು? ಇನ್ನೂ ಸಿಟ್ಟಿದೆಯಾ?"

"ಕುಶಲ ಕೇಳಿದ್ಲು."

ಅವರು ಕೀಲಿ ತಿರುಗಿಸದೆ ಯೋಚನೆಗೆ ಬಿದ್ದರು. ಬೆರಳುಗಳು ಸ್ಟೀರಿಂಗ್ ಮೇಲೆ ತಾಳ ಹಾಕುತ್ತಿದ್ದವು. ಡೆಂಟಿಸ್ಟಿಗೆ ಕೊಟ್ಟ ಮಾತು ಮುರಿದು ತಾವೇ ಮತ್ತೆ ನಿಲ್ಲಬೇಕೆಂದು ಅವರು ಆಗಲೇ ತೀರ್ಮಾನಿಸಿದ್ದರು.

"ನಿಜ ಹೇಳ್ತೀನಿ, ಈಗ ಅವನೇ ಬೆಸ್ಟ್ ಕ್ಯಾಂಡಿಡೇಟು. ಆ ವಿಡಿಯೋ ನೋಡಿ ಎಲ್ಲರಿಗೂ ಅಯ್ಯೋ ಪಾಪ ಅನ್ಸಿದೆ. ಸಿಂಪತಿ ವೋಟು ಅಂದ್ರೆ ಸುಮ್ನೆ ಅಲ್ಲ. ಇಲ್ಲೇ ಹತ್ರ ತಾನೆ ಮನೆ? ಒಂದ್ಸಲ ತಲೆ ಹಾಕಿ ಬರೋಣ್ವಾ?"

"ಅವರು ಅಡಿಲೇಡ್‌ಗೆ ಹೋಗ್ತಿದಾರಂತೆ. ಮನೆ ಖಾಲಿ ಮಾಡಿ" ಎಂದೆ. ಶುದ್ಧ ಸುಳ್ಳು. ಮುಖ ಕಿಟಕಿಯ ಕಡೆ ತಿರುಗಿಸಿಕೊಂಡೇ ಹೇಳಿದೆ.

"ಓ, ಅಡಿಲೇಡಾ? ಅಲ್ಲಿಯವರಿಗೆ ನಮ್ಮಲ್ಲಿ ವೋಟೇ ಇಲ್ಲ" ಎಂದು ಅವರು ಕಾರು ಹೊರಡಿಸಿದರು.